ಓಂ ಬೀಚ್ ಆಚೆಯ ಬಂಡೆ ಕೊಲ್ಲಿಗಳಲ್ಲಿ ಈಜು, ಸ್ನಾರ್ಕಲಿಂಗ್: ದಾವಣಗೆರೆಯಿಂದ ಹೊರಟವರಿಗೆ ಏನೇನು ಗೊತ್ತಿರಬೇಕು?

ಬೆಣ್ಣೆದೋಸೆ_ದಾವಣಗೆರೆ (ಪ್ರಶ್ನೆ)

ನಾವು ನಾಲ್ಕು ಜನ ಜನವರಿಯಲ್ಲಿ ಕಾರಲ್ಲಿ ಗೋಕರ್ಣದ ಕಡೆ ಹೊರಟಿದ್ದೀವಿ. ಕುಡ್ಲೆ, ಓಂ ಬೀಚಿನ ಜನಜಂಗುಳಿ ಬೇಡ. ಓಂ ದಾಟಿ ಹಾಫ್ ಮೂನ್, ಪ್ಯಾರಡೈಸ್ ಕಡೆ ನಡೆದರೆ ಬಂಡೆಗಳ ನಡುವೆ ಸಣ್ಣ ಸಣ್ಣ ಕೊಲ್ಲಿಗಳು ಸಿಗ್ತಾವಲ್ಲ, ಅಂಥ ಒಂದು ಕಡೆ ಅರ್ಧ ದಿನ ಈಜಿ, ಸ್ನಾರ್ಕಲ್ (ಮುಖ ನೀರಲ್ಲಿಟ್ಟು ಉಸಿರಾಡೋ ನಳಿಗೆ) ಹಾಕ್ಕೊಂಡು ನೀರೊಳಗೆ ನೋಡಿ ಬರೋ ಯೋಚನೆ. ಇಬ್ಬರು ಬಾವಿ, ಭದ್ರಾ ನಾಲೆಯಲ್ಲಿ ಈಜಿದವರು. ಒಬ್ಬ ಈಜುಕೊಳದವನು. ಇನ್ನೊಬ್ಬನಿಗೆ ಈಜು ಬರಲ್ಲ.

ಯಾವ ದಿನ, ಯಾವ ಹೊತ್ತು ಒಳ್ಳೇದು? ಉಬ್ಬರ ಇಳಿತ ನೋಡೋದು ಹೇಗೆ? ಮಾಸ್ಕ್ ಎಂಥದ್ದು ತಗೋಬೇಕು? ಮುಖ ಪೂರ್ತಿ ಮುಚ್ಚೋ ಮಾಸ್ಕ್ ಚೆನ್ನಾಗಿದೆ ಅಂತ ಆನ್‌ಲೈನಲ್ಲಿ ಬರೆದಿದ್ದಾರೆ, ಹೌದಾ? "ಹುಷಾರಾಗಿ ಹೋಗಿ ಬನ್ನಿ" ಅನ್ನೋದು ಬೇಡ, ಗೊತ್ತಿದ್ದವರು ಬಿಡಿಸಿ ಹೇಳಿ.

---

ಕಲ್ಲಿನಕೋಟೆ_ದುರ್ಗ

ಮೊದಲು ಆಸೆ ಸ್ವಲ್ಪ ಇಳಿಸ್ಕೊಳ್ಳಿ. ಅಂಡಮಾನ್, ಲಕ್ಷದ್ವೀಪದ ವಿಡಿಯೊ ನೋಡಿ ಗೋಕರ್ಣದ ನೀರಿಗೆ ಇಳಿದರೆ ನಿರಾಸೆ ಖಂಡಿತ. ನಮ್ಮ ಕರಾವಳಿಯ ದಡದ ನೀರು ಮಣ್ಣು, ಮರಳು, ಪಾಚಿ ಕಣಗಳಿಂದ ಮಬ್ಬಾಗಿರುತ್ತೆ. ಒಳ್ಳೆ ದಿನ ಎರಡು ಮೂರು ಮೀಟರ್ ಮುಂದಕ್ಕೆ ಕಂಡರೆ ಅದೇ ಹೆಚ್ಚು, ಕೆಟ್ಟ ದಿನ ಚಾಚಿದ ಕೈ ಬೆರಳೂ ಕಾಣಲ್ಲ. ಹವಳದ ತೋಟ ಹುಡುಕಬೇಡಿ. ಬಂಡೆ ಬುಡದಲ್ಲಿ ಪಟ್ಟೆಪಟ್ಟೆ ಸಣ್ಣ ಮೀನು, ಏಡಿ, ಸಮುದ್ರ ಹೂ, ಸಿಂಪಿ ಸಿಕ್ತಾವೆ, ನಿಧಾನಕ್ಕೆ ನೋಡೋನಿಗೆ ಅಷ್ಟು ಸಾಕು. ನಿಜವಾಗ್ಲೂ ತಿಳಿ ನೀರೇ ಬೇಕು ಅಂದ್ರೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ದಡದಿಂದ ಸುಮಾರು 19 ಕಿ.ಮೀ. ಒಳಗಿರೋದ್ರಿಂದ ಅಲ್ಲಿಗೆ ನದಿ ಮಣ್ಣು ತಲುಪೋದು ಕಡಿಮೆ. ಆದರೆ ಅಲ್ಲಿ ದೋಣಿಯಿಂದ ನೇರ ಆಳಕ್ಕೇ ಇಳಿಯೋದು, ಕಾಲಿಗೆ ನೆಲ ಸಿಗಲ್ಲ.

ಈಗ ದಿನ. ಕ್ಯಾಲೆಂಡರ್ ಬಿಟ್ಟು ಪಂಚಾಂಗ ತೆಗೀರಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಬೇಡ, ಅಷ್ಟಮಿಯಿಂದ ದಶಮಿ ಒಳಗೆ ಹೋಗಿ. ಕಾರಣ ಇದೆ. ಅಮಾವಾಸ್ಯೆ ಹುಣ್ಣಿಮೆಗೆ ಈ ಕಡೆ ನೀರಿನ ಏರಿಳಿತ ಹೆಚ್ಚೂಕಮ್ಮಿ 2 ಮೀಟರ್ ವರೆಗೂ ಹೋಗುತ್ತೆ, ಅಷ್ಟಮಿ ಕಳೆದ ಮೇಲೆ ಅದರ ಅರ್ಧಕ್ಕೆ ಬರುತ್ತೆ. ಏರಿಳಿತ ಕಡಿಮೆ ಇದ್ದಷ್ಟೂ ಸೆಳೆತ ಕಡಿಮೆ, ತಳದ ಹೂಳು ಏಳೋದೂ ಕಡಿಮೆ.

ಹೊತ್ತು: ಬೆಳಿಗ್ಗೆ 8.30ರಿಂದ 11. ರಾತ್ರಿ ಬೆಳಿಗ್ಗೆ ನೆಲದಿಂದ ಕಡಲ ಕಡೆ ಗಾಳಿ ಬೀಸುತ್ತೆ, ದಡದ ಹತ್ತಿರ ನೀರು ಸಪಾಟಾಗಿರುತ್ತೆ. ಹನ್ನೊಂದು ಹನ್ನೆರಡರ ಹೊತ್ತಿಗೆ ಗಾಳಿ ತಿರುಗಿ ಕಡಲಿಂದ ಬೀಸೋಕೆ ಶುರುವಾದರೆ ಸಣ್ಣ ಅಲೆ ಎದ್ದು ಸ್ನಾರ್ಕಲ್ ಒಳಗೆ ನೀರು ನುಗ್ಗುತ್ತೆ. ಇನ್ನೂ ಬೇಗ ಹೋದರೆ ಪ್ರಯೋಜನ ಇಲ್ಲ. ಕೊಲ್ಲಿಗಳು ಹೆಚ್ಚಾಗಿ ಪಡುವಣ, ನೈಋತ್ಯಕ್ಕೆ ಮುಖ ಮಾಡಿವೆ, ಹಿಂದೆ ಗುಡ್ಡ, ಬಿಸಿಲು ನೀರೊಳಗೆ ಇಳಿಯೋದು ತಡ.

ಜಾಗ: ಪ್ಯಾರಡೈಸ್, ಬೇಲೆಕಾನ್ ಕಡೆ ಹೋದಷ್ಟೂ ಅಘನಾಶಿನಿ ಹೊಳೆ ಕಡಲು ಸೇರೋ ಅಳಿವೆ ಹತ್ತಿರ ಆಗುತ್ತೆ. ಇಳಿತದ ಹೊತ್ತಲ್ಲಿ ಅಳಿವೆಯ ಕೆಸರು ನೀರು ಹೊರಗೆ ಬಂದು ಆ ಬದಿ ಪೂರ್ತಿ ಕದಡುತ್ತೆ. ಹಾಗಾಗಿ ಓಂ ಮತ್ತು ಹಾಫ್ ಮೂನ್ ನಡುವಿನ ಭಾಗ ನೋಡಿ. ಅಕಾಲ ಮಳೆ ಬಂದಿದ್ದರೆ ಎರಡು ಮೂರು ದಿನ ಎಲ್ಲೂ ಬೇಡ.

---

ನಾಲೆ_ಮೇಲಿನ_ತೋಟ

ದುರ್ಗದವರು ದಿನ, ಹೊತ್ತು ಹೇಳಿದ್ದಾರೆ. ನಿಮ್ಮ ಗುಂಪಲ್ಲಿ ನಾಲೆ ಈಜಿನವರಿದ್ದಾರೆ ಅಂತ ಓದಿ ಇದನ್ನು ಬರೀತಿದೀನಿ.

ಭದ್ರಾ ನಾಲೆಗೆ ಹಾರೋದು ಸುಲಭ. ಕಾಂಕ್ರೀಟ್ ಇಳಿಜಾರು ಪಾಚಿ ಕಟ್ಟಿರುತ್ತೆ, ಮೆಟ್ಟಿಲು ಎಲ್ಲಿದೆ ಅಂತ ಗೊತ್ತಿಲ್ಲದವನು ಹತ್ತೋಕಾಗದೆ ಸಾಯ್ತಾನೆ. ಬಂಡೆ ಕೊಲ್ಲಿಯ ಲೆಕ್ಕವೂ ಅದೇ: ಹತ್ತೋ ಜಾಗ ಗೊತ್ತಾಗದೆ ಇಳೀಬಾರದು. ಅಲ್ಲಿ ಸತ್ತವರಲ್ಲಿ ಈಜು ಬರೋರೂ ಇದ್ದಾರೆ, ಯಾಕಂದ್ರೆ ನೀರು ನಿಂತಲ್ಲೇ ಮೇಲೆ ಕೆಳಗೆ ಆಡ್ತಾ ಮನುಷ್ಯನನ್ನು ಎತ್ತಿ ಬಂಡೆಗೆ ಒಗೆಯುತ್ತೆ.

ಹೋದ ಕೂಡಲೇ ಬಟ್ಟೆ ಬಿಚ್ಚಬೇಡಿ. ಎತ್ತರದಲ್ಲಿ ಕೂತು ಇಪ್ಪತ್ತು ನಿಮಿಷ ನೀರು ನೋಡಿ. ಅಲೆಗಳು ಗುಂಪುಗುಂಪಾಗಿ ಬರ್ತಾವೆ. ನಾಲ್ಕಾರು ದೊಡ್ಡವು ಬಂದು, ಆಮೇಲೆ ಕೆಲವು ನಿಮಿಷ ತಣ್ಣಗಿರುತ್ತೆ. ಆ ತಣ್ಣಗಿನ ಹೊತ್ತಲ್ಲಿ ಬಂದವರು "ಏನೂ ಇಲ್ಲ" ಅಂತ ಇಳಿದುಬಿಡ್ತಾರೆ. ಬಂಡೆ ಮೇಲೆ ಒದ್ದೆ ಗೆರೆ ಎಲ್ಲಿವರೆಗೆ ಇದೆ ನೋಡಿ, ದೊಡ್ಡ ಅಲೆ ಮುಟ್ಟೋ ಎತ್ತರ ಅದು. ನೊರೆ ಬಂಡೆ ಮೇಲೆ ಸೊಂಟದೆತ್ತರ ಏಳ್ತಿದ್ದರೆ ಆವತ್ತು ಕಾಲು ತೊಳ್ಕೊಂಡು ವಾಪಸ್ ಬನ್ನಿ.

ಆಮೇಲೆ ಹತ್ತೋ ಜಾಗ ಎರಡು ಗುರುತು ಮಾಡಿ. ಒಂದು ಮರಳಿನ ತುಂಡು, ಇನ್ನೊಂದು ಅದು ಕೈಕೊಟ್ಟರೆ. ಎರಡನೇದು ಸಿಗದಿದ್ದರೆ ಆ ಕೊಲ್ಲಿ ಬಿಡಿ, ಮುಂದಿನದು ನೋಡಿ. ಬರೀ ಬಂಡೆ ಮಾತ್ರ ಇರೋ ಕೊಲ್ಲಿ ಫೋಟೊಗೆ ಚೆಂದ, ಅಷ್ಟೆ.

ತಲೆ ಕೆಳಗೆ ಮಾಡಿ ಹಾರೋದು ಯಾವತ್ತೂ ಬೇಡ. ಬೆಳಿಗ್ಗೆ ಕುತ್ತಿಗೆವರೆಗೆ ಇದ್ದ ನೀರು ಮಧ್ಯಾಹ್ನಕ್ಕೆ ಸೊಂಟಕ್ಕೆ ಇಳಿದಿರುತ್ತೆ, ಮಬ್ಬು ನೀರಲ್ಲಿ ಅಡಿಯ ಕಲ್ಲು ಕಾಣಲ್ಲ. ಮರಳಿನ ಕಡೆಯಿಂದಲೇ ನಡೆದು ಇಳೀರಿ, ಹೆಜ್ಜೆ ಎತ್ತಿ ಇಡಬೇಡಿ, ಕಾಲು ಉಜ್ಜಿಕೊಂಡು ಹೋಗಿ. ಮರಳಲ್ಲಿ ಹುದುಗಿರೋ ತೊರಕೆ ಮೀನು ಅದುರಿಗೆ ಎದ್ದು ಹೋಗುತ್ತೆ, ಮೇಲೇ ತುಳಿದರೆ ಬಾಲದ ಮುಳ್ಳು ಚುಚ್ಚುತ್ತೆ. ಫಿನ್ಸ್ (ಕಾಲಿಗೆ ಹಾಕೋ ರಬ್ಬರ್ ರೆಕ್ಕೆ) ಹಾಕೋರು ಸೊಂಟದ ನೀರಲ್ಲಿ ಹಾಕ್ಕೊಂಡು ಹಿಮ್ಮುಖವಾಗಿ ಹೋಗಬೇಕು.

ಒಳಗೆ ಹೋದ ಮೇಲೆ ಬಂಡೆಯಿಂದ ಮೂರು ಮೀಟರ್ ದೂರ ಇರಿ. ಮೀನು ಇರೋದು ಬಂಡೆ ಬುಡದಲ್ಲೇ, ಆಸೆ ಎಳೆಯುತ್ತೆ, ಗೊತ್ತು. ನೀರು ಪೂರ್ತಿ ಸಪಾಟಾಗಿದ್ದರೆ ಮಾತ್ರ ಹತ್ತಿರ ಹೋಗಿ. ಎರಡು ಬಂಡೆ ನಡುವಿನ ಕಿರಿದಾದ ಸಂದಿಗೂ, ಗವಿಗೂ ನುಗ್ಗಬೇಡಿ. ಅಲೆ ಅಲ್ಲಿ ಇಕ್ಕಟ್ಟಾಗಿ ವೇಗ ಹೆಚ್ಚಿಸಿಕೊಳ್ಳುತ್ತೆ, ವಾಪಸ್ ಹೋಗುವಾಗ ಮನುಷ್ಯನನ್ನೂ ಎಳೆಯುತ್ತೆ.

ಸೆಳವಿನ, ಅಂದರೆ ದಡದಿಂದ ಹೊರಗೆ ಎಳೆಯೋ ನೀರಿನ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. "ಸೆಳವಿಗೆ ಸಿಕ್ಕರೆ ದಡಕ್ಕೆ ಸಮಾನಾಂತರ ಈಜಿ" ಅನ್ನೋ ಬುದ್ಧಿಮಾತು ಉದ್ದದ ಬೀಚಿಗೆ ಸರಿ. ಮೂವತ್ತು ನಲವತ್ತು ಮೀಟರ್ ಅಗಲದ ಕೊಲ್ಲಿಯಲ್ಲಿ ಸಮಾನಾಂತರ ಈಜಿದರೆ ಬಂಡೆಗೆ ಹೋಗಿ ಬಡೀತೀರಿ. ಅಲ್ಲಿ ಒಳಗೆ ಬಂದ ನೀರು ಸಾಮಾನ್ಯವಾಗಿ ಬಂಡೆ ಬದಿ ಹಿಡಿದು ಹೊರಗೆ ಹೋಗುತ್ತೆ. ಆ ಜಾಗದಲ್ಲಿ ಅಲೆ ಒಡೆಯಲ್ಲ, ನೊರೆ, ಕಸ ಹೊರಮುಖವಾಗಿ ತೇಲಿ ಹೋಗ್ತಿರುತ್ತೆ. ನೋಡೋಕೆ ಅದೇ ಶಾಂತವಾಗಿ ಕಾಣೋದು, ಹೊಸಬರು ಇಳಿಯೋದೂ ಅಲ್ಲೇ. ಸಿಕ್ಕಿದರೆ ಎದುರು ಈಜಬೇಡಿ. ಬೆನ್ನ ಮೇಲೆ ತೇಲಿ, ಒಂದು ಕೈ ಎತ್ತಿ. ಉಪ್ಪುನೀರು ನಾಲೆ ನೀರಿಗಿಂತ ಚೆನ್ನಾಗಿ ತೇಲಿಸುತ್ತೆ. ಅಲೆ ಒಡೆಯೋ ಗೆರೆ ದಾಟಿದ ಮೇಲೆ ಎಳೆತ ಸಾಮಾನ್ಯವಾಗಿ ಸಡಿಲಾಗುತ್ತೆ, ಆಗ ಕೊಲ್ಲಿಯ ನಡುವೆ, ಅಲೆ ಒಡೆದು ಮರಳಿನ ಕಡೆ ಹೋಗೋ ಜಾಗ ನೋಡಿ ಅದರ ಹಿಂದೆ ಬನ್ನಿ.

ಹೊರಬರೋದು: ಹಿಂದೆ ತಿರುಗಿ ನೋಡ್ತಾ ಬನ್ನಿ. ಅಲೆ ನಿಮ್ಮನ್ನು ದಾಟಿ ಹೋಗಲಿ, ಅದರ ಬೆನ್ನಲ್ಲೇ ಈಜಿ. ಹೊಟ್ಟೆ ಮರಳಿಗೆ ತಾಗೋವರೆಗೂ ಮಲಗಿಯೇ ಬನ್ನಿ, ಸೊಂಟದ ನೀರಲ್ಲಿ ಎದ್ದು ನಿಂತರೆ ಮುಂದಿನ ಅಲೆ ಮೊಣಕಾಲಿಗೆ ಹೊಡೆದು ಕೆಡವುತ್ತೆ. ಬಂಡೆ ಮೇಲೇ ಹತ್ತಲೇಬೇಕಾದ ಪರಿಸ್ಥಿತಿ ಬಂದರೆ ಕಾಲು ಬಂಡೆ ಕಡೆ ಇರಲಿ. ಅಲೆ ಎತ್ತಿದಾಗ ಅದರ ನೆತ್ತಿಯಲ್ಲಿ ಬಂಡೆ ಹಿಡೀರಿ, ನೀರು ಇಳಿಯುವಾಗ ಗಟ್ಟಿಯಾಗಿ ಅಂಟಿಕೊಂಡಿರಿ, ಇಳಿದ ತಕ್ಷಣ ಎರಡು ಹೆಜ್ಜೆ ಮೇಲೆ. ಕೈ ಜಾರಿದರೆ ತಡಕಾಡಬೇಡಿ, ಬಂಡೆ ಒದ್ದು ಹೊರಗೆ ಹೋಗಿ, ಮುಂದಿನ ಅಲೆಗೆ ಕಾಯಿರಿ. ಬಂಡೆ ಹಿಡಿದು ಜೋತಾಡೋನ ಚರ್ಮ ಚಿಪ್ಪಿಗೆ ಹರಿದುಹೋಗುತ್ತೆ.

---

ಬೆಣ್ಣೆದೋಸೆ_ದಾವಣಗೆರೆ

ಎರಡನೇ ಹತ್ತೋ ಜಾಗದ ವಿಷಯ ನಮ್ಮ ತಲೆಗೇ ಬಂದಿರಲಿಲ್ಲ. ಮಾಸ್ಕ್ ಬಗ್ಗೆ ಯಾರಾದ್ರೂ ಹೇಳಿ. ಇಲ್ಲಿ ಸ್ಪೋರ್ಟ್ಸ್ ಅಂಗಡಿಯಲ್ಲಿ ಈಜುಕೊಳದ ಗಾಗಲ್ಸ್ ಸಿಕ್ಕಿತು, ಅದು ನಡೆಯುತ್ತಾ?

---

ಹರಿಹರ_ಹೊಳೆದಂಡೆ

ಗಾಗಲ್ಸ್ ನಡೆಯಲ್ಲ. ಮೂಗು ಹೊರಗಿರುತ್ತಲ್ಲ, ಅದೇ ತೊಂದರೆ. ಎರಡು ಮೀಟರ್ ಕೆಳಗೆ ಹೋದರೂ ಒತ್ತಡಕ್ಕೆ ಗಾಗಲ್ಸ್ ಕಣ್ಣುಗುಡ್ಡೆ ಮೇಲೆ ಹೀರಿಕೊಳ್ಳುತ್ತೆ, ಒಳಗೆ ಗಾಳಿ ಬಿಡೋಕೆ ದಾರಿ ಇಲ್ಲ. ಮೂಗು ಒಳಗೆ ಸೇರೋ ಮಾಸ್ಕ್ ಆದರೆ ಮೂಗಿಂದ ಸ್ವಲ್ಪ ಗಾಳಿ ಬಿಟ್ಟರೆ ಸರಿಹೋಗುತ್ತೆ.

ಆರಿಸೋದು ಹೀಗೆ: ಪಟ್ಟಿ ಹಾಕದೆ ಮಾಸ್ಕ್ ಮುಖಕ್ಕೆ ಒತ್ತಿ, ಮೂಗಿಂದ ಉಸಿರು ಎಳೆದು ಹಿಡೀರಿ. ಕೈ ಬಿಟ್ಟರೂ ಮಾಸ್ಕ್ ಬೀಳಬಾರದು. ಬಿದ್ದರೆ ನಿಮ್ಮ ಮುಖಕ್ಕೆ ಅದು ಹೊಂದಲ್ಲ, ಪಟ್ಟಿ ಬಿಗಿದು ಸರಿಮಾಡೋಕೆ ಹೋಗಬೇಡಿ, ಬಿಗಿದಷ್ಟೂ ಅಂಚು ಮಡಚಿ ಇನ್ನೂ ಸೋರುತ್ತೆ. ಗಾಜು ಟೆಂಪರ್ಡ್ ಅಂತ ಬರೆದಿರಬೇಕು, ಅಂಚು ಸಿಲಿಕೋನ್ ಆಗಿರಬೇಕು. ಅಗ್ಗದ ಪಿವಿಸಿ ಅಂಚು ಗಡುಸು, ಕೂರಲ್ಲ. ಮೀಸೆ ಇದ್ದವರಿಗೆ ಮೇಲ್ತುಟಿ ಹತ್ತಿರ ಸೋರೋದು ಮಾಮೂಲು. ಮೂಗಿನ ಕೆಳಗೆ ಒಂದು ಗೆರೆ ಮೀಸೆ ಬೋಳಿಸಿದರೆ ಅರ್ಧ ಸಮಸ್ಯೆ ಹೋಯ್ತು, ಒಪ್ಪದವರು ವ್ಯಾಸಲಿನ್ ಹಚ್ಚಿ.

ಹೊಸ ಮಾಸ್ಕಿನ ಗಾಜಿನ ಒಳಗೆ ಕಾರ್ಖಾನೆಯ ಸಿಲಿಕೋನ್ ಪದರ ಇರುತ್ತೆ, ಅದು ಹೋಗೋವರೆಗೂ ಮಂಜು ಕಟ್ಟುತ್ತೆ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ಹಾಕಿ ಬೆರಳಲ್ಲಿ ಚೆನ್ನಾಗಿ ಉಜ್ಜಿ ತೊಳೀರಿ, ಎರಡು ಮೂರು ಸಲ ಮಾಡಿ. ಗಾಜಿನ ಒಳಮೈಗೆ ಲೇಪನ ಕೊಟ್ಟಿದೆ ಅಂತ ಡಬ್ಬಿ ಮೇಲಿದ್ದರೆ ಮಾತ್ರ ಉಜ್ಜಬೇಡಿ. ನೀರಿಗಿಳಿಯೋ ಮುಂಚೆ ಪ್ರತಿ ಸಲ ಒಳಗೆ ಉಗುಳು ಹಚ್ಚಿ ಒಮ್ಮೆ ಅದ್ದಿ ತೆಗೀರಿ. ಅಸಹ್ಯ ಅನ್ನೋರಿಗೆ ಬೇಬಿ ಶಾಂಪೂ ಒಂದೆರಡು ಹನಿ.

ಮುಖ ಪೂರ್ತಿ ಮುಚ್ಚೋ ಮಾಸ್ಕ್ ತಗೋಬೇಡಿ. ಒಳಗೆ ಜಾಗ ಜಾಸ್ತಿ, ಕವಾಟ ಸರಿಯಾಗಿ ಕೆಲಸ ಮಾಡದಿದ್ದರೆ ಬಿಟ್ಟ ಉಸಿರನ್ನೇ ಮತ್ತೆ ಎಳೀತೀರಿ, ಇಂಗಾಲದ ಡೈಆಕ್ಸೈಡ್ ಏರಿ ತಲೆ ಸುತ್ತುತ್ತೆ. ನೀರು ನುಗ್ಗಿದರೆ ಬಾಯಿಂದ ಉಗುಳಿಬಿಡೋಕೆ ಆಗಲ್ಲ, ಪೂರ್ತಿ ಕಿತ್ತೇ ತೆಗೀಬೇಕು. ಕೆಳಗೆ ಮುಳುಗೋಕಂತೂ ಅದು ಅಲ್ಲವೇ ಅಲ್ಲ, ಮೂಗು ಹಿಂಡಿ ಕಿವಿ ಸರಿಮಾಡ್ಕೊಳ್ಳೋಕೆ ಆಗಲ್ಲ.

ಸ್ನಾರ್ಕಲ್ ನಳಿಗೆ 35ರಿಂದ 40 ಸೆಂ.ಮೀ. ಸಾಕು. ಉದ್ದ ಜಾಸ್ತಿ ಆದಷ್ಟೂ ಹಳೇ ಉಸಿರು ಒಳಗೇ ಉಳಿಯುತ್ತೆ. ನೀರು ನುಗ್ಗಿದಾಗ "ಥು" ಅಂತ ಒಂದೇ ಸಲ ಜೋರಾಗಿ ಊದಿದರೆ ಖಾಲಿ. ಇದನ್ನು ಊರಿನ ಈಜುಕೊಳದಲ್ಲೇ ಕಲಿತು ಹೋಗಿ. ಮಾಸ್ಕ್ ಒಳಗೆ ಬೇಕಂತಲೇ ನೀರು ತುಂಬ್ಕೊಂಡು, ಮೇಲಿನ ಅಂಚು ಹಣೆಗೊತ್ತಿ ಮೂಗಿಂದ ಊದಿ ಹೊರಗೆ ಹಾಕೋದೂ ಅಲ್ಲೇ ಕಲೀಬೇಕು. ಗಾಬರಿ ಆಗದೆ ಇವೆರಡೂ ಮಾಡೋಕೆ ಬರದವನು ಕಡಲಿಗೆ ಸ್ನಾರ್ಕಲ್ ಹಾಕಬಾರದು.

ಮುಳುಗೋ ಮುಂಚೆ ಜೋರಾಗಿ ಹತ್ತಿಪ್ಪತ್ತು ಸಲ ಉಸಿರೆಳೆಯೋ ಚಾಳಿ ಬಾವಿ ಈಜಿನವರಿಗೆ ಇರುತ್ತೆ. ಅದು ಕೊಲ್ಲುತ್ತೆ. ಹಾಗೆ ಮಾಡಿದರೆ ಆಮ್ಲಜನಕ ಹೆಚ್ಚೇನೂ ತುಂಬಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಇಳಿಯುತ್ತೆ. ಉಸಿರು ಬೇಕು ಅನ್ನೋ ತವಕ ಹುಟ್ಟೋದೇ ಆ ಅನಿಲದಿಂದ, ಆದ್ದರಿಂದ ಎಚ್ಚರಿಕೆ ಸಿಗೋ ಮುಂಚೆಯೇ ಪ್ರಜ್ಞೆ ತಪ್ಪುತ್ತೆ. ಎರಡು ಸಲ ಸಹಜವಾಗಿ ಉಸಿರಾಡಿ ಮುಳುಗಿ, ಒಬ್ಬ ಮುಳುಗಿದಾಗ ಇನ್ನೊಬ್ಬ ಮೇಲಿಂದ ನೋಡ್ತಿರಲಿ.

ಜನವರಿಯಲ್ಲೂ ನೀರು ಬೆಚ್ಚಗೇ ಇರುತ್ತೆ, ವೆಟ್‌ಸೂಟ್ ಬೇಡ. ಆದರೆ ಮುಖ ಕೆಳಗೆ ಮಾಡಿ ತೇಲ್ತಾ ಇದ್ದರೆ ಬೆನ್ನು, ಮೀನಖಂಡ ಸುಟ್ಟುಹೋಗಿದ್ದು ರಾತ್ರಿಯೇ ಗೊತ್ತಾಗೋದು. ಉದ್ದ ತೋಳಿನ ಬಿಗಿ ಟೀ ಶರ್ಟ್ ಹಾಕಿ. ಕಾಲಿಗೆ ದಪ್ಪ ಅಟ್ಟೆಯ ರಬ್ಬರ್ ಶೂ, ಹವಾಯಿ ಚಪ್ಪಲಿ ಅಲ್ಲ.

---

ಚನ್ನಗಿರಿ_ಅಡಿಕೆ

ಕಲ್ಲಿನಕೋಟೆಯವರ ಅಷ್ಟಮಿ ಲೆಕ್ಕಕ್ಕೆ ನನ್ನ ತಕರಾರಿದೆ. ನೀರು ಅತಿ ತಿಳಿಯಾಗಿರೋದು ಉಬ್ಬರ ತುಂಬಿ ನಿಂತ ಅರ್ಧ ಗಂಟೆ. ಹೊರ ಕಡಲಿನ ನೀರು ಆಗ ದಡಕ್ಕೆ ಬಂದಿರುತ್ತೆ, ಬಂಡೆ ಮೇಲೆ ಆಳವೂ ಸಿಗುತ್ತೆ, ಚಿಪ್ಪಿಗೆ ಮೈ ಉಜ್ಜಲ್ಲ. ಇಳಿತದಲ್ಲಿ ಹೋಗಿ ಮೊಣಕಾಲುದ್ದ ನೀರಲ್ಲಿ ಏನು ಸ್ನಾರ್ಕಲ್ ಮಾಡ್ತೀರಿ?

---

ಕಲ್ಲಿನಕೋಟೆ_ದುರ್ಗ

ತಿಳಿ ನೀರಿನ ಮಾತು ಒಪ್ಪಿದೆ. ಆದರೆ ಲೆಕ್ಕ ಪೂರ್ತಿ ಮಾಡಿ ನೋಡಿ. ಈ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗೆ ಉಬ್ಬರ ಸುಮಾರು ಮಧ್ಯಾಹ್ನದ ಹೊತ್ತಿಗೆ ತುಂಬೋದು. ಅಷ್ಟರಲ್ಲಿ ಕಡಲ ಗಾಳಿ ಎದ್ದಿರುತ್ತೆ, ಸೆಳೆತವೂ ಜೋರು. ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ, ದಿನಕ್ಕೆ ಸರಾಸರಿ 50 ನಿಮಿಷ ಮುಂದಕ್ಕೆ ಹೋಗುತ್ತೆ. ಹಾಗೆ ಎಣಿಸಿದರೆ ಅಷ್ಟಮಿ ಹೊತ್ತಿಗೆ ಬೆಳಗಿನ ಕೊನೆಗೆ ಇಳಿತ ಬೀಳುತ್ತೆ. ಆದರೆ ಅವತ್ತಿನ ಇಳಿತ ಅಮಾವಾಸ್ಯೆಯಷ್ಟು ತಳಕ್ಕೆ ಹೋಗಲ್ಲ, ಆಳ ಉಳಿದಿರುತ್ತೆ. ಇದು ಅಂದಾಜು ಮಾತ್ರ, ಹೊರಡೋ ಮುಂಚೆ ಕಾರವಾರದ ಉಬ್ಬರ ಇಳಿತದ ಪಟ್ಟಿ ನೋಡಿ, ಗೋಕರ್ಣಕ್ಕೆ ಅದೇ ಸಾಕು.

ದಾರಿಯ ವಿಚಾರ ಇನ್ನೂ ಮುಖ್ಯ. ಬಂಡೆ ಬುಡ ಸುತ್ತಿ ಕೊಲ್ಲಿಗೆ ಇಳಿದಿದ್ದರೆ ಉಬ್ಬರ ಏರ್ತಿದ್ದಂತೆ ವಾಪಸ್ ದಾರಿ ಮುಚ್ಚುತ್ತೆ. ಇಳಿತಕ್ಕೆ ಎರಡು ಗಂಟೆ ಮುಂಚೆ ಹೋಗಿ, ಇಳಿತ ಮುಗಿದು ಒಂದು ಗಂಟೆಯಲ್ಲಿ ಜಾಗ ಖಾಲಿ ಮಾಡಬೇಕು. ಗುಡ್ಡದ ಮೇಲಿನ ಕಾಲುದಾರಿ ಇರೋ ಕೊಲ್ಲಿಯಾದರೆ ಚನ್ನಗಿರಿಯವರು ಹೇಳಿದಂತೆ ಉಬ್ಬರ ತುಂಬಿದಾಗಲೂ ಇಳೀಬಹುದು, ಆದರೆ ಗಾಳಿ ಇಲ್ಲದ ಬೆಳಿಗ್ಗೆ ಅದು ಬರೋ ದಿನ ಹುಡುಕಿ.

ಇನ್ನೊಂದು. ದುರ್ಗದ ಗ್ರಾನೈಟ್ ಹತ್ತಿ ಅಭ್ಯಾಸ ಆದವರು ಅಲ್ಲಿ ಕಾಲಿನ ಹಿಡಿತ ನಂಬಬೇಡಿ. ಗುಡ್ಡದ ಮೇಲಿರೋದು ಚಿರೇಕಲ್ಲು, ಸಣ್ಣ ಹರಳು ಉದುರಿ ಕಾಲಡಿ ಉರುಳುತ್ತೆ. ಕೆಳಗೆ ನೀರಿನಂಚಿನ ಕಪ್ಪು ಪಾಚಿ ಬಂಡೆ ಮೇಲೆ ಯಾವ ಶೂ ಆದರೂ ಜಾರುತ್ತೆ.

ಅಲೆಯ ಮುನ್ಸೂಚನೆಗೆ ಹೈದರಾಬಾದಿನ ಇನ್ಕಾಯ್ಸ್ (INCOIS) ಅನ್ನೋ ಕಡಲ ಮಾಹಿತಿ ಸಂಸ್ಥೆಯ ಪ್ರಕಟಣೆ ನೋಡಿ, ಉತ್ತರ ಕನ್ನಡ ಜಿಲ್ಲೆಗೆ ಪ್ರತ್ಯೇಕ ಎಚ್ಚರಿಕೆ ಇರುತ್ತೆ. ಎತ್ತರ ಒಂದನ್ನೇ ಓದಬೇಡಿ, ಎಷ್ಟು ಸೆಕೆಂಡಿಗೊಂದು ಅಲೆ ಅಂತಲೂ ಓದಿ. 14, 15 ಸೆಕೆಂಡ್ ಮೇಲಿದ್ದರೆ ಅದು ದೂರದ ದಕ್ಷಿಣ ಸಾಗರದಿಂದ ಬಂದ ಅಲೆ, ಎತ್ತರ ಮುಕ್ಕಾಲು ಮೀಟರ್ ಅಂತಿದ್ದರೂ ಬಂಡೆ ಮೇಲೆ ಒಮ್ಮೆಲೇ ನುಗ್ಗುತ್ತೆ. ಕಳ್ಳಕಡಲು ಅನ್ನೋದು ಇದನ್ನೇ, ಇಲ್ಲಿ ಗಾಳಿ ಇರಲ್ಲ, ಆಕಾಶ ತಿಳಿಯಾಗಿರುತ್ತೆ. ಬೇಸಿಗೆ ಕೊನೆಗೆ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್ ಮಾತೇ ಬೇಡ.

---

ಪಟ್ಟಿ_ಕಟ್ಟೋ_ಕೈ

ಗಾಯದ ಬಗ್ಗೆ ಯಾರೂ ಬರೆದಿಲ್ಲ. ಕೊಲ್ಲಿಯಲ್ಲಿ ಅಂಗಡಿ ಇರಲ್ಲ, ಮೊಬೈಲ್ ಸಿಗ್ನಲ್ ನಂಬೋ ಹಾಗಿಲ್ಲ, ಆದ್ದರಿಂದ ಜೊತೆಗೇ ಒಯ್ಯಿರಿ: ಚಿಮಟ, ಪೊವಿಡೋನ್ ಅಯೋಡಿನ್, ಗಾಜ್ ಬಟ್ಟೆ, ಓಆರ್‌ಎಸ್, ತಲೆಗೆ ಮೂರು ಲೀಟರ್ ಕುಡಿಯೋ ನೀರು, ಮತ್ತೆ ಒಂದು ಫ್ಲಾಸ್ಕ್ ತುಂಬ ಬಿಸಿನೀರು. ಬಿಸಿನೀರು ಚಹಾಕ್ಕಲ್ಲ.

ತೊರಕೆ ಚುಚ್ಚಿದರೆ ಅಥವಾ ಸೀ ಅರ್ಚಿನ್ (ಮುಳ್ಳಿನ ಚೆಂಡಿನಂಥ ಕಡಲ ಜೀವಿ) ಮುಳ್ಳು ನಾಟಿದರೆ ನೋವು ವಿಪರೀತ. ಸಾದಾ ನೀರು ಬೆರೆಸಿ 45 ಡಿಗ್ರಿ ಮೀರದ ಹಾಗೆ, ಅಂದರೆ ಗಾಯ ಆಗದ ಕೈಯಿಂದ ಮುಟ್ಟಿ ತಡೆಯೋಷ್ಟು ಬಿಸಿಯಲ್ಲಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿ ಇಡಿ. ಗಾಯ ಆದ ಕಾಲಿಂದಲೇ ಬಿಸಿ ಪರೀಕ್ಷೆ ಮಾಡಬೇಡಿ, ನೋವಲ್ಲಿ ಸುಟ್ಟರೂ ತಿಳಿಯಲ್ಲ. ಮೇಲೆ ಕಾಣೋ ಅರ್ಚಿನ್ ಮುಳ್ಳು ಚಿಮಟದಿಂದ ನೇರ ಎಳೀರಿ, ಒಳಗೆ ಮುರಿದದ್ದನ್ನು ಪಿನ್ ಹಾಕಿ ಕೆದಕಬೇಡಿ. ತೊರಕೆ ಚುಚ್ಚಿದ್ದು ಹೊಟ್ಟೆ ಅಥವಾ ಎದೆಗಾದರೆ ಮುಳ್ಳು ಕೀಳದೆ ಆಸ್ಪತ್ರೆಗೆ ಒಯ್ಯಬೇಕು.

ಜೆಲ್ಲಿ ಮೀನು ಸೋಕಿದರೆ ಕಡಲ ನೀರಲ್ಲೇ ತೊಳೀರಿ. ಬಾಟಲಿ ನೀರು ಹಾಕಿದರೆ ಚರ್ಮದ ಮೇಲೆ ಉಳಿದ ವಿಷದ ಚೀಲಗಳು ಒಡೀತಾವೆ. ಮರಳು ಹಾಕಿ ಉಜ್ಜೋದು, ಮೂತ್ರ ಹಾಕೋದು ಎರಡೂ ಬೇಡ.

ಚಿಪ್ಪು ಕೊಯ್ದ ಗಾಯ ಸಣ್ಣದು ಅಂತ ಬಿಡ್ತಾರೆ, ಕೀವು ಆಗೋದು ಅದೇ. ಇದಕ್ಕೆ ಮಾತ್ರ ಕುಡಿಯೋ ನೀರಲ್ಲಿ ಚೆನ್ನಾಗಿ ತೊಳೆದು, ಒಳಗಿನ ಚೂರು ತೆಗೆದು, ಅಯೋಡಿನ್ ಹಚ್ಚಿ ಸಡಿಲ ಪಟ್ಟಿ ಕಟ್ಟಿ, ಟೇಪಿಂದ ಗಾಳಿಯಾಡದ ಹಾಗೆ ಮುಚ್ಚಬೇಡಿ. ಟಿಟಿ ಇಂಜೆಕ್ಷನ್ ಹಳೇದಾಗಿದ್ದರೆ ಹೊರಡೋ ಮುಂಚೆಯೇ ಹಾಕಿಸಿ. ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇದ್ದವರು ತೆರೆದ ಗಾಯ ಇಟ್ಕೊಂಡು ಕಡಲಿಗಿಳಿಯೋದೇ ತಪ್ಪು. ಊತ ಗಂಟೆಗಂಟೆಗೆ ಹರಡಿ ಜ್ವರ ಬಂದರೆ ಊರಿಗೆ ಬಂದು ತೋರಿಸೋಣ ಅನ್ನಬೇಡಿ, ಕುಮಟಾದಲ್ಲೇ ತೋರಿಸಿ.

---

ನಾಲೆ_ಮೇಲಿನ_ತೋಟ

ಈಜು ಬಾರದ ಗೆಳೆಯನ ವಿಷಯ ಬಿಟ್ಟುಹೋಗಿತ್ತು. ಅವನನ್ನು ಕೊಲ್ಲಿಯಲ್ಲಿ ನೀರಿಗಿಳಿಸಬೇಡಿ. ಅವನಿಗೆ ನೀರಾಟ ಬೇಕಾದರೆ ಜೀವರಕ್ಷಕರು ಇರೋ ಮುಖ್ಯ ಬೀಚಿನಲ್ಲಿ, ಅವರು ಬಾವುಟ ನೆಟ್ಟ ಜಾಗದಲ್ಲಿ, ಸೊಂಟದ ಕೆಳಗಿನ ನೀರಲ್ಲಿ. ಗಾಳಿ ತುಂಬಿದ ಟ್ಯೂಬ್, ಹಾಸಿಗೆ ತರಲೇಬೇಡಿ. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸೋದು ಅಂತ ಮೇಲೆ ಬಂತಲ್ಲ, ಟ್ಯೂಬ್ ಮೇಲೆ ಕೂತವನು ಸದ್ದಿಲ್ಲದೆ ಹೊರಗೆ ಹೋಗಿಬಿಡ್ತಾನೆ.

ಕೊಲ್ಲಿಯಲ್ಲಿ ಅವನಿಗೆ ಕಾವಲು ಕೆಲಸ ಕೊಡಿ, ಅದೇನು ಸಣ್ಣದಲ್ಲ. ಎತ್ತರದಲ್ಲಿ ಕೂತು ತಲೆ ಎಣಿಸಬೇಕು, ದೊಡ್ಡ ಅಲೆಗಳ ಗುಂಪು ಬರೋದು ಕಂಡರೆ ಸೀಟಿ ಊದಬೇಕು. ಪಕ್ಕದಲ್ಲಿ 20 ಮೀಟರ್ ಹಗ್ಗ, ತುದಿಗೆ ಐದು ಲೀಟರಿನ ಕ್ಯಾನ್, ಒಳಗೆ ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿದಿರಲಿ. ಪೂರ್ತಿ ಖಾಲಿ ಕ್ಯಾನ್ ಎಸೆದರೆ ಗಾಳಿಗೆ ತಿರುಗಿ ಬರುತ್ತೆ. ಯಾರೇ ಕೂಗಿದರೂ ಅವನು ಹಾರಬಾರದು, ಕ್ಯಾನ್ ಎಸೀಬೇಕು. 112ಕ್ಕೆ ಕರೆ ಮಾಡಬೇಕು, ಕರಾವಳಿ ಕಾವಲು ಪಡೆಯ ಸಂಖ್ಯೆ 1554. ಸಿಗ್ನಲ್ ಯಾವ ಬಂಡೆ ಮೇಲೆ ಸಿಗುತ್ತೆ ಅಂತ ಇಳಿಯೋ ಮುಂಚೆಯೇ ನೋಡಿಟ್ಟುಕೊಳ್ಳಿ. ಈಜೋರು ಕಿತ್ತಳೆ ಬಣ್ಣದ ತೇಲುಚೀಲ ಸೊಂಟಕ್ಕೆ ಕಟ್ಟಿಕೊಂಡರೆ ಅವನಿಗೂ ಕಾಣುತ್ತೆ, ಬೀಚುಗಳ ನಡುವೆ ಓಡಾಡೋ ಮೋಟಾರು ದೋಣಿಯವರಿಗೂ ಕಾಣುತ್ತೆ.

ಬಿಯರ್ ವಾಪಸ್ ಬಂದ ಮೇಲೆ.

---

ಹರಿಹರ_ಹೊಳೆದಂಡೆ

ದಾರಿ: ಹರಿಹರ, ರಾಣೆಬೆನ್ನೂರು, ಹಾವೇರಿ, ಅಲ್ಲಿಂದ ಶಿರಸಿ, ದೇವಿಮನೆ ಘಾಟಿ ಇಳಿದು ಕುಮಟಾ. ಸುಮಾರು 240 ಕಿ.ಮೀ. ಘಾಟಿ ರಸ್ತೆ ಅಗಲೀಕರಣಕ್ಕೆ ಬಂದ್ ಆಗಿದ್ದುಂಟು, ಹೊರಡೋ ಮುಂಚೆ ಶಿರಸಿ ಕಡೆಯವರನ್ನು ವಿಚಾರಿಸಿ. ಬಂದ್ ಇದ್ದರೆ ಶಿವಮೊಗ್ಗ, ಸಾಗರ, ಹೊನ್ನಾವರ. ಚಿತ್ರದುರ್ಗದಿಂದ ಹೊರಡೋರು ಹೊಳಲ್ಕೆರೆ ಮೇಲೆ ಶಿವಮೊಗ್ಗಕ್ಕೆ ಹೋಗಿ ಈ ದಾರಿ ಹಿಡಿಯೋದೇ ವಾಸಿ. ರಾತ್ರಿಯೆಲ್ಲ ಡ್ರೈವ್ ಮಾಡಿ ಬೆಳಿಗ್ಗೆ ನೇರ ನೀರಿಗೆ ಇಳಿಯೋದು ಬೇಡ, ಹಿಂದಿನ ದಿನ ಹೋಗಿ ಮಲಗಿ.

ಹಾಫ್ ಮೂನ್, ಪ್ಯಾರಡೈಸಿಗೆ ವಾಹನ ಹೋಗಲ್ಲ, ನಡಿಗೆ ಇಲ್ಲಾ ದೋಣಿ. ದೋಣಿಯಲ್ಲಿ ಹೋದರೆ ವಾಪಸ್ ಬರೋ ಹೊತ್ತು ಮೊದಲೇ ಮಾತಾಡಿ, ದುಡ್ಡು ಅರ್ಧ ಮಾತ್ರ ಮುಂಗಡ ಕೊಡಿ. ಮುರುಡೇಶ್ವರದಲ್ಲಿ 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಬಂದ ವಿದ್ಯಾರ್ಥಿನಿಯರು ಮುಳುಗಿದ ದುರಂತದ ನಂತರ ಬೀಚನ್ನೇ ಕೆಲಕಾಲ ಮುಚ್ಚಿದ್ದರು. ಇಂಥ ನಿರ್ಬಂಧ ಯಾವಾಗ ಬೇಕಾದರೂ ಬರಬಹುದು, ಆವತ್ತು ಪೊಲೀಸರು, ಜೀವರಕ್ಷಕರು ಬೇಡ ಅಂದ ಜಾಗಕ್ಕೆ ಹಿಂದಿನ ದಾರಿಯಿಂದ ನುಸುಳಬೇಡಿ.

---

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಅಷ್ಟಮಿ ನೋಡಿ ರಜೆ ಹಾಕ್ತೀವಿ, ಪೂರ್ತಿ ಮುಖದ ಮಾಸ್ಕ್ ಆರ್ಡರ್ ಕ್ಯಾನ್ಸಲ್ ಮಾಡಿದ್ದಾಯ್ತು. ಒಂದೇ ಡೌಟು: ಪವರ್ ಕನ್ನಡಕದವನು ಮಾಸ್ಕ್ ಒಳಗೆ ಕನ್ನಡಕ ಹಾಕಬಹುದಾ?

---

ಹರಿಹರ_ಹೊಳೆದಂಡೆ

ಆಗಲ್ಲ, ಕಡ್ಡಿ ಅಂಚಿಗೆ ಸಿಕ್ಕಿ ನೀರು ಸೋರುತ್ತೆ. ಪವರ್ ಗಾಜು ಕೂರಿಸಿದ ಮಾಸ್ಕ್ ಆನ್‌ಲೈನಲ್ಲಿ ಸಿಗುತ್ತೆ, ಅರ್ಧರ್ಧ ಡಯಾಪ್ಟರ್ (ಕನ್ನಡಕದ ಪವರ್ ಅಳತೆ) ಲೆಕ್ಕದಲ್ಲಿ. ನೀರೊಳಗೆ ವಸ್ತು ಕಾಲುಭಾಗ ಹತ್ತಿರ, ದೊಡ್ಡದಾಗಿ ಕಾಣೋದ್ರಿಂದ ಮೈನಸ್ ಒಂದರ ಒಳಗಿನವರು ಪವರ್ ಇಲ್ಲದೆಯೂ ನಿಭಾಯಿಸಬಹುದು. ಕಾಂಟ್ಯಾಕ್ಟ್ ಲೆನ್ಸ್ ಬೇಡ, ಕಡಲ ನೀರು ತಾಗಿದರೆ ಕಣ್ಣಿಗೆ ಸೋಂಕು.